ಕಾಸರಗೋಡಿನಿಂದ ಲಾಲ್‌ಬಾಗಿಗೆ ಒಂದು ಹಗಲಿನ ಶಾಲಾ ಪ್ರವಾಸ: ನನ್ನ ಅನುಭವ

ಕಳೆದ ನವೆಂಬರ್ ತಿಂಗಳ ಕೊನೆಯ ವಾರದಲ್ಲಿ ನಮ್ಮ ಶಾಲೆಯ 38 ಮಕ್ಕಳು ಮತ್ತು ನಾವು ನಾಲ್ವರು ಅಧ್ಯಾಪಕರು ಕಾಸರಗೋಡಿನಲ್ಲಿ ಸಂಜೆಯ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಒಂದು ಹಗಲನ್ನು ಪೂರ್ತಿಯಾಗಿ ಲಾಲ್‌ಬಾಗಿನಲ್ಲೇ ಕಳೆದು, ಅದೇ ರಾತ್ರಿಯ ರೈಲಿನಲ್ಲಿ ಹಿಂದಿರುಗಿದೆವು. ಮಗುವೊಂದಕ್ಕೆ ತಗಲಿದ ಖರ್ಚು, ನನ್ನ ನೆನಪಿನಂತೆ, 950 ರೂಪಾಯಿಯ ಆಸುಪಾಸು. ಇದು ಆಗುವ ಕೆಲಸವಲ್ಲ ಎಂದು ಎರಡು ವರ್ಷಗಳಿಂದ ಕೇಳಿಸಿಕೊಂಡು ಬಂದವನು ನಾನು. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಪ್ರವಾಸದ ಹೊಣೆ ಹೊರುವ ಸಹೋದ್ಯೋಗಿಗಳಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಅನುಮತಿ ಪತ್ರ, ಪೋಷಕರ ಸಮ್ಮತಿ, ಔಷಧದ ಪೆಟ್ಟಿಗೆ ಮೊದಲಾದವು ನಿಮಗೆಲ್ಲ ಗೊತ್ತಿರುವುದರಿಂದ ಅವುಗಳ ಮಾತು ಇಲ್ಲಿ ಇಲ್ಲ.

ಮೊದಲ ಸಲ ನಾವು ಹೋದದ್ದು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ, ಬಾಡಿಗೆ ಬಸ್ಸಿನಲ್ಲಿ, ಮೈಸೂರನ್ನೂ ಸೇರಿಸಿಕೊಂಡು ಮೂರು ದಿನ. ಬಸ್ಸಿನ ಬಾಡಿಗೆಯೇ 60 ಸಾವಿರ ದಾಟಿತ್ತು. ವಸತಿ, ಊಟ ಸೇರಿ ಮಗುವಿಗೆ 2,000 ರೂಪಾಯಿಗೆ ಸ್ವಲ್ಪ ಕಡಿಮೆ ಬಿದ್ದಿತ್ತು. ಗಾಜಿನ ಮನೆಯ ಮುಂದಿನ ಸರತಿಯಲ್ಲಿ ಒಂದೂವರೆ ಗಂಟೆ ನಿಂತು ಒಳಗೆ ಹೋದರೆ, ಐದನೆಯ ತರಗತಿಯ ಮಕ್ಕಳಿಗೆ ಕಂಡದ್ದು ಮುಂದಿನವರ ಬೆನ್ನು ಮಾತ್ರ. ಅದಕ್ಕಿಂತ ದೊಡ್ಡ ಪೆಟ್ಟು ಸಂಜೆ ಬಿತ್ತು. ಲಾಲ್‌ಬಾಗಿಗೆ ನಾಲ್ಕು ದ್ವಾರಗಳಿವೆ ಎಂಬುದನ್ನು ನಾನು ಬಲ್ಲೆ, ಮಕ್ಕಳು ಅರಿಯರು. "ಗೇಟಿನ ಹತ್ತಿರ ಸೇರಿ" ಎಂದು ನಾನು ಹೇಳಿದ್ದನ್ನು ಇಬ್ಬರು ಹುಡುಗಿಯರು ತಮಗೆ ಕಂಡ ಗೇಟು ಎಂದುಕೊಂಡು ಹೋಗಿ ನಿಂತರು. ಅವರು ಸಿಕ್ಕುವವರೆಗಿನ ನಲವತ್ತು ನಿಮಿಷಗಳನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಊರಿಗೆ ಬಂದ ಮೇಲೆ ಮಕ್ಕಳಿಂದ ಪ್ರಬಂಧ ಬರೆಸಿದಾಗ, ಒಂದಾದರೂ ಮರದ ಹೆಸರು ಬರೆದವರು ಮೂವರು.

ಆ ಪ್ರಬಂಧಗಳನ್ನು ತಿದ್ದುವಾಗಲೇ ನನಗೆ ನಿಶ್ಚಯವಾಯಿತು: ಪ್ರದರ್ಶನವಿಲ್ಲದ ದಿನ ಹೋಗಬೇಕು, ಆ ಒಂದು ತೋಟವನ್ನು ಬಿಟ್ಟು ಬೇರೆ ಏನನ್ನೂ ಸೇರಿಸಬಾರದು, ಮತ್ತು ರೈಲಿನಲ್ಲೇ ಹೋಗಬೇಕು. ನಮ್ಮಲ್ಲಿ ಶಾಲಾ ಪ್ರವಾಸದ ಬಸ್ಸುಗಳ ರಾತ್ರಿ ಓಡಾಟಕ್ಕೆ ನಿಯಮ ಬಿಗಿಯಾದ ಮೇಲೆ ಬಸ್ಸಿನಲ್ಲಿ ಬೆಂಗಳೂರು ಎಂದರೆ ಹೋಗುವುದಕ್ಕೊಂದು ಹಗಲು, ಬರುವುದಕ್ಕೊಂದು ಹಗಲು ರಸ್ತೆಯಲ್ಲೇ ಕಳೆಯುತ್ತದೆ. ಕಣ್ಣೂರಿನಿಂದ ಮಂಗಳೂರು, ಹಾಸನ ದಾರಿಯಾಗಿ ಬೆಂಗಳೂರಿಗೆ ಹೋಗುವ ರೈಲು ನಮ್ಮಲ್ಲಿ ಸಂಜೆ ಆರೂವರೆಯ ಹೊತ್ತಿಗೆ ಸಿಗುತ್ತದೆ, ಬೆಳಗ್ಗೆ ಆರೂವರೆ ಏಳರೊಳಗೆ ಮುಟ್ಟಿಸುತ್ತದೆ, ರಾತ್ರಿ ಒಂಬತ್ತೂವರೆಗೆ ಅಲ್ಲಿಂದ ಮರಳುತ್ತದೆ. ಇದಕ್ಕಿಂತ ಹೊಂದುವ ವೇಳಾಪಟ್ಟಿಯನ್ನು ನಾವೇ ಕುಳಿತು ಬರೆದರೂ ಸಿಗದು.

ಪೋಷಕರ ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬ ತಂದೆ ಎದ್ದು ನಿಂತು, "ಮಾಷ್ಟ್ರೇ, ನಮ್ಮ ಮಕ್ಕಳು ತೋಟದಲ್ಲೇ ಹುಟ್ಟಿದವರು. ಒಂದು ತೋಟ ನೋಡಲಿಕ್ಕೆ ರೈಲು ಹತ್ತಿಸಿ ಬೆಂಗಳೂರಿಗೆ ಕೊಂಡುಹೋಗಬೇಕೇ?" ಎಂದು ಕೇಳಿದರು. ನಮ್ಮ ಕಡೆ ತೋಟವೆಂದರೆ ಅಡಿಕೆ ತೋಟವೇ. ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಸಹೋದ್ಯೋಗಿಗಳಲ್ಲೂ ಹೆಚ್ಚಿನವರು, ಒಂದೇ ಜಾಗದಲ್ಲಿ ಹತ್ತು ಗಂಟೆಯಷ್ಟು ಹೊತ್ತು ಮಕ್ಕಳನ್ನು ಹಿಡಿದಿಡುವುದು ಸಾಧ್ಯವಿಲ್ಲ, ವಸ್ತುಸಂಗ್ರಹಾಲಯವನ್ನೂ ವಿಧಾನಸೌಧವನ್ನೂ ಸೇರಿಸಿಕೊಳ್ಳಿ ಎಂದರು. ನಾನು ಒಪ್ಪಲಿಲ್ಲ.

ಎರಡನೆಯ ಯತ್ನ ಹೊರಡುವ ಮೊದಲೇ ಮುರಿಯಿತು, ಮತ್ತು ಆ ತಪ್ಪು ಪೂರ್ತಿ ನನ್ನದು. ಶಾಲೆಯ ಕೆಲಸ ಹಗುರವಾಗಿರುವಾಗ ಮುಗಿಸೋಣವೆಂದು ಜುಲೈ ತಿಂಗಳಿಗೆ ಟಿಕೆಟ್ ಮಾಡಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನ ನಡುವಿನ ಘಾಟಿಯಲ್ಲಿ 57 ಸುರಂಗಗಳಿವೆ. ಮಳೆಗಾಲದಲ್ಲಿ ಆ ದಾರಿಯಲ್ಲಿ ಗುಡ್ಡ ಜರಿಯುವುದು ಹೊಸತೇನಲ್ಲ. ಹೊರಡುವ ಹಿಂದಿನ ದಿನ ಹಳಿಯ ಮೇಲೆ ಮಣ್ಣು ಬಿದ್ದು ರೈಲು ರದ್ದಾಯಿತು. ಟಿಕೆಟಿನ ಹಣ ಪೂರ್ತಿ ಮರಳಿತು. ಊಟಕ್ಕೂ ಜೀಪುಗಳಿಗೂ ಕೊಟ್ಟಿದ್ದ ಮುಂಗಡ, ಸುಮಾರು 6,000 ರೂಪಾಯಿ, ಮರಳಲಿಲ್ಲ. ಅದರಲ್ಲಿ ಅರ್ಧವನ್ನು ನಾನೇ ಭರಿಸಿದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಆ ಘಾಟಿಯನ್ನು ನಂಬಿ ಮಕ್ಕಳ ಹಣ ಹೂಡಬೇಡಿ.

ಮೂರನೆಯ ಸಲಕ್ಕೆ ನವೆಂಬರ್ ಆರಿಸಿದೆ. ಮುಂಗಡ ಕಾಯ್ದಿರಿಸುವ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿರುವುದರಿಂದ ದಿನ ಎಣಿಸಿಕೊಂಡು ಮೊದಲ ದಿನವೇ ಕೌಂಟರಿನ ಮುಂದೆ ಇರಬೇಕು. ಒಂದು ಅರ್ಜಿಯಲ್ಲಿ ಆರು ಮಂದಿಗೆ ಮಾತ್ರ ಅವಕಾಶ. 42 ಮಂದಿಗೆ ಏಳು ಅರ್ಜಿ. ರದ್ದಾದ ಯಾತ್ರೆಯ ಟಿಕೆಟುಗಳಲ್ಲಿ ನಮ್ಮವರು ನಾಲ್ಕು ಬೋಗಿಗಳಲ್ಲಿ ಚೆದರಿ ಹೋಗಿದ್ದರು. ಈ ಸಲ ಎಲ್ಲರೂ ಒಂದೇ ಬೋಗಿಯಲ್ಲಿ, ಅದೂ ಅಕ್ಕಪಕ್ಕದ ಅಂಕಣಗಳಲ್ಲಿ, ಅಂದರೆ ಎದುರುಬದುರು ಬರ್ತುಗಳಿರುವ ವಿಭಾಗಗಳಲ್ಲಿ, ಬಂದೆವು. ಅದಕ್ಕೆ ನಾನು ಕಂಡುಕೊಂಡ ಕ್ರಮ ನಿಯಮದೊಳಗಿನದೇ, ಆದರೂ ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ. ಹತ್ತು ಶಾಲೆಗಳು ಒಟ್ಟಿಗೆ ಮಾಡಿದರೆ ಯಾರಿಗೂ ಸಿಗದಂತಾದೀತು. 12 ವರ್ಷದೊಳಗಿನವರಿಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ ದರ. ಅರ್ಧ ಟಿಕೆಟ್ ತೆಗೆದು ಇಬ್ಬಿಬ್ಬರನ್ನು ಒಂದು ಬರ್ತಿನಲ್ಲಿ ಮಲಗಿಸಿದರೆ ಮಗುವಿಗೆ 150 ರೂಪಾಯಿಯಷ್ಟು ಉಳಿಯುತ್ತಿತ್ತು. ನಿದ್ದೆಗೆಟ್ಟ ಮಗು ಮರುದಿನ ಮರವನ್ನೂ ನೋಡದು, ಮಾತನ್ನೂ ಕೇಳದು ಎಂದು ಎಣಿಸಿ ಪೂರ್ತಿ ಹಣ ಕೊಟ್ಟೆ. ಈ ಇಡೀ ಯೋಜನೆಯಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಖರ್ಚು ಅದು.

ನಮ್ಮ ಭೇಟಿಯ ಬಗ್ಗೆ ಲಾಲ್‌ಬಾಗಿನ ಕಚೇರಿಗೆ ಮೊದಲು ಇಂಗ್ಲಿಷಿನಲ್ಲಿ ಪತ್ರ ಬರೆದಿದ್ದೆ, ಉತ್ತರ ಬರಲಿಲ್ಲ. ಎರಡನೆಯದನ್ನು ಕನ್ನಡದಲ್ಲಿ, ಕೈಬರಹದಲ್ಲಿ ಬರೆದು, 1956ರ ನವೆಂಬರ್ 1ರಿಂದ ಕೇರಳದಲ್ಲಿದ್ದರೂ ಕನ್ನಡದಲ್ಲೇ ಓದುತ್ತಿರುವ ಮಕ್ಕಳು ನಾವು ಎಂದು ಮಕ್ಕಳಿಂದಲೇ ಎರಡು ಸಾಲು ಬರೆಸಿ ಕಳುಹಿಸಿದೆ. ಹತ್ತು ದಿನಗಳೊಳಗೆ ಉತ್ತರ ಬಂತು.

ಬೆಳಗ್ಗೆ 42 ಮಂದಿ ಮುಖ ತೊಳೆದು ತಯಾರಾಗುವುದು ಎಲ್ಲಿ ಎಂಬುದು ಇಂತಹ ಪ್ರವಾಸದ ನಿಜವಾದ ಕಷ್ಟ. ಕೋಣೆ ಹಿಡಿದರೆ ಎಂಟು ಸಾವಿರ ಹೋಗುತ್ತದೆ. ನಾವು ರೈಲಿನಲ್ಲೇ ಐದು ಗಂಟೆಗೆ ಎಬ್ಬಿಸಿ ಅಂಕಣಕ್ಕೊಂದು ಸರದಿಯಂತೆ ಹಲ್ಲುಜ್ಜಿಸಿದೆವು; ಉಳಿದದ್ದನ್ನು ನಿಲ್ದಾಣದ ಕಾಯುವ ಕೋಣೆಯಲ್ಲಿ ಮುಗಿಸಿದೆವು. ಮುಕ್ಕಾಲು ಗಂಟೆ ಸಾಕಾಯಿತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಊರು, ನವೆಂಬರಿನ ಮುಂಜಾನೆ ನಮ್ಮ ಮಕ್ಕಳಿಗೆ ತಡೆಯದ ಚಳಿ. ನಮ್ಮ ಮನೆಗಳಲ್ಲಿ ಸ್ವೆಟರ್ ಇರುವುದಿಲ್ಲ. ಒಂದು ದಪ್ಪ ಅಂಗಿಯನ್ನು ಹೆಚ್ಚಿಗೆ ತರಲು ಹೇಳಿದ್ದು ಒಳ್ಳೆಯದಾಯಿತು. ಮೆಜೆಸ್ಟಿಕ್ಕಿನಿಂದ ಮೆಟ್ರೊ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ, ಕೃಷ್ಣರಾಜ ಮಾರುಕಟ್ಟೆ, ನ್ಯಾಷನಲ್ ಕಾಲೇಜು ದಾಟಿದರೆ ನಾಲ್ಕನೆಯದೇ ಲಾಲ್‌ಬಾಗ್ ನಿಲ್ದಾಣ. ಅಲ್ಲಿಂದ ಪಶ್ಚಿಮ ದ್ವಾರಕ್ಕೆ ನಡೆಯುವಷ್ಟೇ ದೂರ. ಮೆಟ್ರೊ ನಿಲ್ದಾಣದ ಚಲಿಸುವ ಮೆಟ್ಟಿಲಲ್ಲಿ ಎಂಟು ಹತ್ತು ಮಕ್ಕಳು ಹೆದರಿ ನಿಂತುಬಿಟ್ಟರು. ಕಲ್ಲಿನ ಮೆಟ್ಟಿಲಲ್ಲೇ ಎಲ್ಲರನ್ನೂ ನಡೆಸಿ, ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳಿ.

ದ್ವಾರದ ವಿಷಯದಲ್ಲಿ ಮತ್ತೆ ಮೋಸಹೋಗಬಾರದೆಂದು ಪ್ರತಿ ಮಗುವಿನ ಕೊರಳಿಗೆ "ಪಶ್ಚಿಮ ದ್ವಾರ" ಎಂದು ಬರೆದ ಚೀಟಿಯನ್ನು ತೂಗಹಾಕಿದ್ದೆವು. ಎರಡು ವಾರಗಳ ಮೊದಲು ಶಾಲೆಯ ಅಂಗಳದಲ್ಲಿ ನಾಲ್ಕು ಮೂಲೆಗಳಿಗೆ ನಾಲ್ಕು ದ್ವಾರಗಳ ಹೆಸರಿಟ್ಟು ಅಭ್ಯಾಸ ಮಾಡಿಸಿದ್ದೆ. ಆರು ಆರು ಮಕ್ಕಳ ಗುಂಪು, ಕೊನೆಯ ಎರಡರಲ್ಲಿ ಏಳೇಳು. ಗುಂಪಿಗೊಂದು ಮರದ ಹೆಸರು.

ಒಳಗೆ ಹೋದೊಡನೆ ಎಲ್ಲರೂ ಗಾಜಿನ ಮನೆಗೆ ನಡೆಯುತ್ತಾರೆ. ನಾನು ಮೊದಲು ಬಂಡೆಗೆ ಕರೆದೊಯ್ದೆ. ಒಂಬತ್ತು ಗಂಟೆ ದಾಟಿದರೆ ಕಲ್ಲು ಕಾಯುತ್ತದೆ. ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುವ, ನೈಸ್ (gneiss) ಎಂಬ ಗಟ್ಟಿ ಶಿಲೆ ಅದು, ಮೇಲೆ ಕೆಂಪೇಗೌಡ ಗೋಪುರ. ನಮ್ಮ ಮಕ್ಕಳು ಅಗೆದು, ಕಡಿದು, ಮನೆ ಕಟ್ಟುವುದನ್ನು ಕಂಡಿರುವುದು ಮುರಕಲ್ಲನ್ನು, ನಮ್ಮ ಕರಾವಳಿಯ ಕೆಂಪು ಕಲ್ಲನ್ನು. ಶಾಲೆಯ ಗುಡ್ಡದಿಂದ ಒಂದು ಹಿಡಿ ಮುರಕಲ್ಲಿನ ಚೂರನ್ನು ಚೀಲದಲ್ಲಿ ಒಯ್ದಿದ್ದೆ. ಅದನ್ನು ಬಂಡೆಯ ಮೇಲಿಟ್ಟು, ಮಳೆ ಬಿಸಿಲಿಗೆ ಶಿಲೆ ಶಿಥಿಲವಾಗಿ ಸಿಲಿಕ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದರೆ ಇದಾಗುತ್ತದೆ ಎಂದಾಗ ಅವರು ಎರಡನ್ನೂ ಮುಟ್ಟಿ ಮುಟ್ಟಿ ನೋಡಿದರು. 1800ರಲ್ಲಿ ಬೆಂಗಳೂರಿಗೆ ಬಂದು ಹೈದರ್ ಮತ್ತು ಟಿಪ್ಪುವಿನ ತೋಟಗಳನ್ನು ಕಂಡು ಬರೆದಿಟ್ಟ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಮುಂದೆ ಮಲಬಾರಿನಿಂದ ಕೆನರಾಕ್ಕೆ ನಮ್ಮ ಕರಾವಳಿಯ ದಾರಿಯಲ್ಲೇ ಹೋದವನು. ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಕೊಟ್ಟವನೂ ಅವನೇ. ಇಷ್ಟು ಹತ್ತಿರದ ಕೊಂಡಿ ಇರುವಾಗ 1760ರಲ್ಲಿ ಹೈದರ್ ತೋಟ ಆರಂಭಿಸಿದ ಎಂಬ ಇಸವಿಯನ್ನು ಬಾಯಿಪಾಠ ಮಾಡಿಸುವ ಅಗತ್ಯವೇ ಬೀಳಲಿಲ್ಲ.

ಗಾಜಿನ ಮನೆಯನ್ನು ಪ್ರದರ್ಶನವಿಲ್ಲದ ದಿನವೇ ನೋಡಬೇಕು ಎಂಬ ನನ್ನ ಹಟ ಸರಿಯೆಂದು ಅಲ್ಲಿ ಸಿದ್ಧವಾಯಿತು. 1889ರ ನವೆಂಬರ್ 30ರಂದು ಶಂಕುಸ್ಥಾಪನೆಯಾದ ಕಟ್ಟಡ ಅದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿ. ಆಗ ತೋಟದ ಅಧೀಕ್ಷಕರಾಗಿದ್ದವರು ಜಾನ್ ಕ್ಯಾಮೆರಾನ್. ಹೂವಿನ ರಾಶಿ ಇಲ್ಲದಿದ್ದಾಗ ಎರಕದ ಕಬ್ಬಿಣದ ಕಂಬಗಳು, ಕಮಾನುಗಳು, ಗಾಜಿನ ಮೂಲಕ ನೆಲಕ್ಕಿಳಿಯುವ ಬಿಸಿಲು ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಮಕ್ಕಳು ಅರ್ಧ ಗಂಟೆ ಕುಳಿತು ಚಿತ್ರ ಬರೆದರು. ತಮಿಳುನಾಡಿನ ತಿರುವಕ್ಕರೈಯಿಂದ ತಂದಿಟ್ಟಿರುವ, 2 ಕೋಟಿ ವರ್ಷ ಹಳೆಯದೆನ್ನಲಾದ ಕಲ್ಲಾದ ಮರದ ಬೊಡ್ಡೆಯ ಮುಂದೆಯೂ ಅಷ್ಟೇ ಹೊತ್ತು ಹೋಯಿತು.

ಹತ್ತು ಗಂಟೆಯಷ್ಟು ಹೊತ್ತು ಮಕ್ಕಳನ್ನು ಹಿಡಿದಿಟ್ಟದ್ದು ಹೇಗೆ ಎಂದು ಈಗಲೂ ಕೇಳುತ್ತಾರೆ. ಹೊರಡುವ ಮೊದಲು ಪ್ರತಿ ಮಗುವೂ ಮನೆಯ ಹಿತ್ತಲಿನ ಒಂದು ಮರದ ಎಲೆಯನ್ನು ಒಣಗಿಸಿ, ಮನೆಮಾತಿನಲ್ಲಿ ಅದಕ್ಕಿರುವ ಹೆಸರನ್ನು ಬರೆದು ತರಬೇಕಿತ್ತು. ನಮ್ಮ ಒಂದೇ ತರಗತಿಯಲ್ಲಿ ತುಳು, ಮಲಯಾಳ, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ ಇವೆ. ಲಾಲ್‌ಬಾಗಿನಲ್ಲಿ ಆ ಮರವನ್ನು ಹುಡುಕಿ, ಫಲಕ ಇದ್ದರೆ ಅದರ ಹೆಸರನ್ನು ಪಕ್ಕದಲ್ಲಿ ಬರೆಯಬೇಕು. ಒಬ್ಬಳು ರೆಂಜೆ ಎಂದು ತಂದದ್ದು ಬಕುಲವಾಗಿ ಸಿಕ್ಕಿತು. ಅವಳ ಪಕ್ಕದ ಹುಡುಗನ ಮನೆಯಲ್ಲಿ ಅದೇ ಇಲಂಜಿ. ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ತೊಗಟೆಯ ಕಹಿ ಕಷಾಯ ಮಾಡಿ ಕುಡಿಸುವ ಹಾಲೆ ಮರವನ್ನು ಕಂಡು ಮುಖ ಸಿಂಡರಿಸಿಕೊಂಡವರು ಅನೇಕರು. ನಾಗಲಿಂಗದ ಹೂವು ಕಾಂಡದಲ್ಲೇ ಅರಳಿರುವುದನ್ನು ನೋಡಿ "ಹಲಸಿನ ಹಾಗೆ ಬೊಡ್ಡೆಯಲ್ಲೇ ಬಿಟ್ಟಿದೆ" ಎಂದು ಐದನೆಯ ತರಗತಿಯ ಮಗು ತಾನಾಗಿಯೇ ಹೇಳಿತು. ಆ ಮಾತಿಗಾಗಿ ನಾನು ಎರಡು ವರ್ಷ ಕಾದದ್ದು ವ್ಯರ್ಥವಾಗಲಿಲ್ಲ. 38 ಎಲೆಗಳಲ್ಲಿ ಇಪ್ಪತ್ತೇಳೋ ಇಪ್ಪತ್ತೆಂಟೋ ಜೊತೆ ಸಿಕ್ಕಿದವು. ಯಾವ ಎಲೆ ತರಬಾರದೆಂದು ಮೊದಲೇ ತಿಳಿದಿರಬೇಕು. ಆ ಪಟ್ಟಿ ನನ್ನಲ್ಲಿದೆ, ನೇರ ಕೇಳಿದವರಿಗೆ ಕೊಡುತ್ತೇನೆ.

ಎಲ್ಲ ಪ್ರಯೋಗಗಳೂ ಫಲಿಸಲಿಲ್ಲ. ಏಳನೆಯ ತರಗತಿಯವರಿಗೆ ನೆರಳು ಅಳೆದು ಮರದ ಎತ್ತರ ಕಂಡುಹಿಡಿಯುವ ಲೆಕ್ಕ ಕೊಟ್ಟಿದ್ದೆ. ಗಾಜಿನ ಮನೆಯ ಬಳಿಯ ಅರಕೇರಿಯಾ ಮರಕ್ಕೆ ಒಂದು ಗುಂಪಿನ ಉತ್ತರ 31 ಮೀಟರ್, ಇನ್ನೊಂದರದ್ದು 44. ದಟ್ಟ ಮರಗಳ ನಡುವೆ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು ತುದಿ ಸಿಗುವುದಿಲ್ಲ. ಈ ಲೆಕ್ಕವನ್ನು ಶಾಲೆಯ ಬಯಲಿನ ತೆಂಗಿನ ಮರಕ್ಕೇ ಇಟ್ಟುಕೊಳ್ಳಿ.

ಮಧ್ಯಾಹ್ನದ ಊಟವನ್ನು ಪಶ್ಚಿಮ ದ್ವಾರದ ಹೊರಗಿನ ಒಂದು ದರ್ಶಿನಿಯಲ್ಲಿ ಮುಂಚೆಯೇ ಹೇಳಿಟ್ಟಿದ್ದೆವು. ಎರಡು ಸರದಿಯಲ್ಲಿ ಮುಗಿಯಿತು. ಅನಂತರ ಎರಡು ಗಂಟೆ ಮರದಡಿಯಲ್ಲಿ ವಿಶ್ರಾಂತಿ. ಇದನ್ನು ಕಡಿತ ಮಾಡಬೇಡಿ. ನಾಲ್ಕು ಗಂಟೆಯ ಮೇಲೆ ಕೆರೆಯ ದಂಡೆಗೂ ಆ ಭಾರೀ ಬೂರುಗದ ಮರದ ಕಡೆಗೂ ಮಕ್ಕಳು ಓಡಿಯೇ ಹೋದರು. ಆರಕ್ಕೆ ಹೊರಗೆ ಬಂದು, ಎಣಿಸಿ, ಮೆಟ್ರೊ ಹತ್ತಿ, ಎಂಟು ಗಂಟೆಗೆ ರೈಲು ನಿಲ್ದಾಣದಲ್ಲಿದ್ದೆವು.

ಲೆಕ್ಕ ಮಂಡಿಸುವಾಗ ರೈಲಿಗೆ ಹೋಗಿಬರಲು ಮಗುವಿಗೆ 600ಕ್ಕಿಂತ ತುಸು ಹೆಚ್ಚು, ಊಟ ತಿಂಡಿಗೆ 200ರಷ್ಟು, ಮೆಟ್ರೊ, ಪ್ರವೇಶ, ಊರಿನ ಜೀಪು, ಚೀಟಿ ಎಲ್ಲ ಸೇರಿ 150ರ ಒಳಗೆ ಬಂತು. ನಾವು ಸಂಗ್ರಹಿಸಿದ್ದು ಸಾವಿರ ರೂಪಾಯಿ. ಉಳಿದದ್ದನ್ನು ಮಕ್ಕಳ ಕೈಯಲ್ಲೇ ಮರಳಿಸಿದೆವು. ಮೊದಲ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ್ದ ತಂದೆ ಲೆಕ್ಕದ ಪುಸ್ತಕಕ್ಕೆ ಸಹಿ ಹಾಕುತ್ತ, ತನ್ನ ಮಗ ಅಡಿಕೆ ತೋಟದ ಅಂಚಿನ ಹದಿನಾಲ್ಕು ಮರಗಳಿಗೆ ಹೆಸರು ಬರೆದ ರಟ್ಟು ಕಟ್ಟಿದ್ದಾನೆ, ಎರಡಕ್ಕೆ ಹೆಸರು ತನಗೂ ಗೊತ್ತಿಲ್ಲ, ಒಮ್ಮೆ ಬಂದು ನೋಡಿ ಹೋಗಬೇಕು ಎಂದರು. ಬರುವ ಶನಿವಾರ ಹೋಗುತ್ತಿದ್ದೇನೆ.