‘ಬದುಕಿನ ಬವಣೆ’ ಅಂತ ಬರೆದ ಪಟ

ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತು ನಡೆಯುತ್ತಿದ್ದ ಒಬ್ಬ ಹೆಂಗಸಿನ ಪಟ ನನ್ನ ಹತ್ತಿರ ಉಂಟು. ಬೆಳಿಗ್ಗೆ ಆರೂವರೆಯ ಬೆಳಕು. ಹಣೆಯ ಮೇಲೆ ನೀರು ಇಳಿಯುತ್ತಿದೆ, ಕಣ್ಣು ಕಿರಿದಾಗಿದೆ. ಉಡುಪಿಯಲ್ಲಿ ನಾವು ಕೆಲವು ಗೆಳೆಯರು ಸೇರಿ ಸಣ್ಣದೊಂದು ಪ್ರದರ್ಶನ ಮಾಡಿದಾಗ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಇಟ್ಟಿದ್ದೆ. ಕೆಳಗೆ ‘ಬದುಕಿನ ಬವಣೆ’ ಅಂತ ಬರೆದಿದ್ದೆ. ಶೀರ್ಷಿಕೆ ಲಾಯ್ಕುಂಟು ಅಂತ ಬಂದವರೆಲ್ಲ ಹೇಳಿದರು.

ಎರಡನೇ ದಿನ ಆ ಅಕ್ಕನೇ ಬಂದರು. ಮಗಳು ಕರೆದುಕೊಂಡು ಬಂದಿದ್ದಳು. ಪಟ ನೋಡಿ ಅವರಿಗೆ ಖುಷಿಯಾಯಿತು. ಆಮೇಲೆ ಮಗಳು ಕೆಳಗಿನ ಅಕ್ಷರ ಓದಿದಳು. ಅಕ್ಕ ನನ್ನ ಕಡೆ ತಿರುಗಿ, “ಎಂಕ್ ದಾನೆ ಬಂಙ?” ಅಂತ ಕೇಳಿದರು. ನನಗೆಂತ ಕಷ್ಟ, ಅಂತ. ಅವತ್ತು ಬಂಗುಡೆ ಒಳ್ಳೆ ಸಿಕ್ಕಿತ್ತಂತೆ. ಬೇಗ ಮಾರಿ ಮುಗಿಸಿ ಮೊಮ್ಮಗುವಿನ ನಾಮಕರಣಕ್ಕೆ ಬಟ್ಟೆ ತರಲು ಹೊರಟಿದ್ದರಂತೆ. ಹಣೆಯ ಮೇಲಿನ ನೀರು ಬೆವರಲ್ಲ, ಬುಟ್ಟಿಯ ಐಸ್ ಕರಗಿ ಸೋರಿದ್ದು. ಕಣ್ಣು ಕಿರಿದಾದದ್ದು ಎದುರು ಬಿಸಿಲಿಗೆ.

ಅವರಿಗೆ ಸಿಟ್ಟು ಬಂದಿರಲಿಲ್ಲ. ನಿಜವಾಗಿ ಅರ್ಥವಾಗದೆ ಕೇಳಿದ್ದರು. ಅದೇ ನನಗೆ ಜಾಸ್ತಿ ನೋವಾದದ್ದು. ಅವರ ಒಂದು ಒಳ್ಳೆಯ ದಿನವನ್ನು ನಾನು ಕೇಳದೆಯೇ ದುಃಖದ ದಿನ ಮಾಡಿಬಿಟ್ಟಿದ್ದೆ.

ಅವತ್ತು ಸಂಜೆಯೇ ಆ ಚೀಟಿ ತೆಗೆದೆ. ಅಕ್ಕನ ಒಪ್ಪಿಗೆ ಕೇಳಿ ಅವರ ಹೆಸರು, ತಾರೀಖು, ಜೊತೆಗೆ ಹೀಗೆ ಬರೆದೆ: ‘ಬಂಗುಡೆ ಬುಟ್ಟಿ, ಮಲ್ಪೆ ಬಂದರು. ಐಸಿನ ನೀರು ಹಣೆಗೆ ಇಳಿದಿದೆ. ಅವತ್ತು ಒಳ್ಳೆ ವ್ಯಾಪಾರ.’ ಮರುದಿನ ಬಂದವರು ಅದೇ ಪಟದ ಮುಂದೆ ನಿಂತು ಬಂಗುಡೆಯ ರೇಟಿನ ಬಗ್ಗೆ ಮಾತಾಡಿಕೊಂಡರು. ಒಬ್ಬರು ಅಕ್ಕನ ಸೀರೆಯ ಅಂಚು ಕಂಡು ಏನೋ ಹೇಳಿದರು. ಹಿಂದಿನ ಎರಡು ದಿನ ಯಾರಿಗೂ ಆ ಸೀರೆ ಕಂಡಿರಲಿಲ್ಲ.

ಮನೆಗೆ ಬಂದು ನನ್ನ ಹಳೆಯ ಅಡಿಬರಹಗಳನ್ನೆಲ್ಲ ತೆಗೆದು ಓದಿದೆ. ಮೌನ. ಏಕಾಂತ. ನಿರೀಕ್ಷೆ. ಪಯಣ. ಮುಗ್ಧತೆ. ಮತ್ತೆ ಮೌನ. ಒಂದು ಕೆಲಸ ಮಾಡಿ ನೋಡಿದೆ, ನೀವೂ ಮಾಡಿ ನೋಡಬಹುದು. ಒಂದು ಪಟದ ಅಡಿಬರಹವನ್ನು ತೆಗೆದು ಇನ್ನೊಂದು ಪಟದ ಕೆಳಗೆ ಇಡುವುದು. ‘ನಿರೀಕ್ಷೆ’ ಅನ್ನುವುದು ದಡದಲ್ಲಿ ನಿಂತ ದೋಣಿಗೂ ಸರಿಹೋಯಿತು, ಬಸ್‌ಸ್ಟ್ಯಾಂಡಿನ ಅಜ್ಜನಿಗೂ ಸರಿಹೋಯಿತು, ಮದುಮಗಳಿಗೂ ಸರಿಹೋಯಿತು. ಎಲ್ಲ ಪಟಕ್ಕೂ ಹೊಂದುವ ಮಾತು ಯಾವ ಪಟದ ಬಗ್ಗೆಯೂ ಏನೂ ಹೇಳುವುದಿಲ್ಲ, ಅಲ್ವಾ?

ಇನ್ನೊಂದು ಮಾತನ್ನೂ ಅವತ್ತೇ ಬಿಟ್ಟೆ. ‘ಸೆರೆಹಿಡಿದದ್ದು’. ಪೇಪರಿನಲ್ಲಿ ಓದಿ ಓದಿ ಅಭ್ಯಾಸವಾಗಿತ್ತು: ಕ್ಯಾಮೆರಾ ಕಣ್ಣಿನಲ್ಲಿ ಸೆರೆಯಾದ ದೃಶ್ಯ, ಹೀಗೆ. ಸೆರೆ ಅಂದರೆ ಜೈಲು. ನನ್ನ ಪಟದಲ್ಲಿರುವವರನ್ನು ನಾನು ಹಿಡಿದು ಕೂಡಿಹಾಕಿಲ್ಲ. ನಮ್ಮ ಊರಿನಲ್ಲಿ ‘ಪಟ ತೆಗೆಯುವುದು’ ಅನ್ನುತ್ತಾರೆ. ನನಗೆ ಅಷ್ಟು ಸಾಕು.

ಮಾತು ಬದಲಾದರೆ ಪಟವೂ ಬದಲಾಗುತ್ತದೆ ಅಂತ ಗೊತ್ತಾದದ್ದು ಕಂಬಳದಲ್ಲಿ. ನಾಲ್ಕೈದು ವರ್ಷ ನಾನು ಕಂಬಳದ ಪಟಗಳಿಗೆ ‘ವೇಗ’, ‘ಮಿಂಚಿನ ಓಟ’ ಅಂತಲೇ ಬರೆಯುತ್ತಿದ್ದೆ. ಒಂದು ರಾತ್ರಿ ಕರೆಯ, ಅಂದರೆ ಕೋಣಗಳು ಓಡುವ ಕೆಸರಿನ ದಾರಿಯ, ಬದಿಯಲ್ಲಿ ನಿಂತಿದ್ದ ಒಬ್ಬ ಹಿರಿಯರಿಗೆ ಕ್ಯಾಮೆರಾದ ಪರದೆಯಲ್ಲಿ ಒಂದು ಪಟ ತೋರಿಸಿದೆ. ಅವರು ನೋಡಿ, “ಇದು ಕನೆ ಹಲಗೆ ಅಲ್ವಾ, ನಿಶಾನೆ ಎಲ್ಲಿ ಉಂಟು?” ಅಂದರು. ನನಗೆ ಗೊತ್ತಿರಲಿಲ್ಲ. ಅವರು ನಿಧಾನವಾಗಿ ಹೇಳಿಕೊಟ್ಟರು. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಅಂತ ವಿಭಾಗಗಳಿವೆ. ಕನೆ ಹಲಗೆಯಲ್ಲಿ ಓಡಿಸುವವನು ತೂತುಗಳಿರುವ ಒಂದು ಹಲಗೆಯ ಮೇಲೆ ನಿಲ್ಲುತ್ತಾನೆ. ಕೋಣಗಳು ಎಳೆದಾಗ ಆ ತೂತಿನಿಂದ ನೀರು ಮೇಲಕ್ಕೆ ಚಿಮ್ಮುತ್ತದೆ. ಅದು ಆರೂವರೆ ಕೋಲು, ಏಳೂವರೆ ಕೋಲು (ಕೋಲು ಅಂದರೆ ಅಲ್ಲಿನ ಅಳತೆ) ಎತ್ತರದಲ್ಲಿ ಅಡ್ಡ ಕಟ್ಟಿದ ಬಟ್ಟೆಗೆ, ಅಂದರೆ ನಿಶಾನೆಗೆ, ತಾಗಬೇಕು. ಅಂದರೆ ಅಲ್ಲಿ ನೋಡಬೇಕಾದದ್ದು ಓಟಕ್ಕಿಂತ ಜಾಸ್ತಿ ನೀರಿನ ಎತ್ತರವನ್ನು. ನನ್ನ ಅಷ್ಟೂ ವರ್ಷದ ಪಟಗಳಲ್ಲಿ ನಿಶಾನೆಯೇ ಇರಲಿಲ್ಲ. ಮೇಲಿನ ಭಾಗವನ್ನು ನಾನೇ ಕತ್ತರಿಸಿ ಹಾಕಿದ್ದೆ, ‘ವೇಗ’ಕ್ಕೆ ಅದು ಬೇಡ ಅಂತ.

ಈಗ ಕನೆ ಹಲಗೆ ಶುರುವಾದ ಕೂಡಲೇ ನಾನು ಜಾಗ ಬದಲಿಸುತ್ತೇನೆ. ನಿಶಾನೆ ಕಾಣುವ ಹಾಗೆ ಬದಿಯಲ್ಲಿ ನಿಲ್ಲುತ್ತೇನೆ, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿಯುತ್ತೇನೆ, ಶಟರ್ ವೇಗವನ್ನು ಸೆಕೆಂಡಿನ 1/1000ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಅಡಿಬರಹ ತನ್ನಿಂದ ತಾನೇ ಬರುತ್ತದೆ: ‘ಕನೆ ಹಲಗೆ. ನೀರು ನಿಶಾನೆಗೆ ತಾಗಿದ್ದು.’

ಯಕ್ಷಗಾನದ ಚೌಕಿಯಲ್ಲೂ, ಅಂದರೆ ವೇಷ ಕಟ್ಟುವ ಜಾಗದಲ್ಲೂ, ಹೀಗೆಯೇ. ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದ ಒಬ್ಬ ಯುವ ಕಲಾವಿದರ ಪಟಕ್ಕೆ ‘ಬಣ್ಣದ ವೇಷ’ ಅಂತ ಬರೆದಿದ್ದೆ. ಅದು ತಪ್ಪು. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷ ಅಂದರೆ ರಾಕ್ಷಸ ಪಾತ್ರಗಳ ವೇಷ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಚುಟ್ಟಿ ಇಡಲು ಗಂಟೆಗಟ್ಟಲೆ ಹಿಡಿಯುತ್ತದೆ. ನನ್ನ ಪಟದಲ್ಲಿದ್ದದ್ದು ಪುಂಡುವೇಷ, ಅಭಿಮನ್ಯುವಿನಂಥ ಹುಡುಗರ ಪಾತ್ರ. ಎರಡಕ್ಕೂ ಬಣ್ಣ ಹಚ್ಚುತ್ತಾರೆ, ನಿಜ. ಆದರೆ ಆ ಹೆಸರುಗಳ ಹಿಂದೆ ಬೇರೆ ಬೇರೆ ಅಭ್ಯಾಸ ಇದೆ.

ಕೋಲ, ನೇಮ ಅನ್ನುವ ದೈವಾರಾಧನೆಯ ಪಟಗಳಲ್ಲಿ ನಾನು ಇನ್ನೂ ಜಾಗ್ರತೆ ಮಾಡುತ್ತೇನೆ. ಮೊದಲು ಪಟ ತೆಗೆಯಬಹುದಾ ಅಂತ ಕೇಳುವುದು. ಬೇಡ ಅಂದರೆ ಕ್ಯಾಮೆರಾ ಚೀಲದೊಳಗೆ. ಹೌದು ಅಂದರೆ ದೈವದ ಹೆಸರು, ಇದು ಕೋಲವೋ ನೇಮವೋ, ತಲೆಯ ಹಿಂದಿನ ಅಣಿ, ಕಾಲಿನ ಗಗ್ಗರ, ತೆಂಗಿನ ಎಳೆಗರಿಯ ಸಿರಿ, ಎಲ್ಲವನ್ನೂ ಮನೆಯವರನ್ನೇ ಕೇಳಿ ಬರೆದುಕೊಳ್ಳುವುದು. ಬರ್ನೆಲ್ ಎಂಬ ಇಂಗ್ಲಿಷ್ ಅಧಿಕಾರಿ ಸಂಗ್ರಹಿಸಿದ ಪಾಡ್ದನಗಳು (ದೈವಗಳ ಕಥೆ ಹೇಳುವ ತುಳು ಹಾಡುಗಳು) 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚಾದವು. ಅವುಗಳನ್ನು ಉಳಿಸಿದ ಉಪಕಾರ ದೊಡ್ಡದು. ಆದರೆ ತಲೆಬರಹದಲ್ಲಿ ಇದ್ದದ್ದು ‘ಡೆವಿಲ್ ವರ್ಷಿಪ್’, ಅಂದರೆ ಸೈತಾನನ ಪೂಜೆ. ಮನೆಯ ದೈವಕ್ಕೆ ಆ ಹೆಸರು! ಇವತ್ತಿಗೂ ಕೋಲದ ಪಟದ ಕೆಳಗೆ ‘ಡೆವಿಲ್ ಡ್ಯಾನ್ಸ್’ ಅಂತ ಕಂಡರೆ ನನಗೆ ಸಂಕಟವಾಗುತ್ತದೆ. ಪಟ ಚೆನ್ನಾಗಿದ್ದಷ್ಟೂ ಆ ಮಾತು ದೂರ ಹೋಗುತ್ತದೆ.

ಹೆಸರು ಕೇಳುವುದರ ಬಗ್ಗೆ ಒಂದು ವಿಷಯ ಹೇಳಲೇಬೇಕು. ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ ಒಬ್ಬ ತಾಯಿಯ ಪಟ ತೆಗೆದರು. ‘ಮೈಗ್ರಂಟ್ ಮದರ್’ (ವಲಸೆ ಬಂದ ತಾಯಿ) ಅಂತ ಅದು ಜಗತ್ತಿಗೆಲ್ಲ ಗೊತ್ತು. ಆ ತಾಯಿಯ ವಯಸ್ಸು 32 ಅಂತ ಲ್ಯಾಂಗ್ ದಾಖಲಿಸಿದ್ದರು, ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಹೊರಗೆ ಬಂದದ್ದು 1978ರಲ್ಲಿ. 42 ವರ್ಷ ಆಕೆಯ ಮುಖ ಎಲ್ಲರಿಗೂ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಲ್ಯಾಂಗ್ ಅಷ್ಟು ಕಾಳಜಿಯಿಂದ ಜನರ ಮಾತು ಬರೆದುಕೊಳ್ಳುತ್ತಿದ್ದವರು. ಅವರಿಗೇ ಹಾಗಾಯಿತು ಅಂದಮೇಲೆ ನಾನು ಎಷ್ಟು ಎಚ್ಚರವಾಗಿರಬೇಕು!

ತಾರೀಖೂ ಹಾಗೆಯೇ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅವರು ಅಲ್ಲಿನ ಹೆರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏಳುವ ಪಟ ತೆಗೆದ ದಿನವನ್ನು ಬರೆದಿಟ್ಟಿರಲಿಲ್ಲ. ಬೇರೆ ಬೇರೆ ಕಡೆ ಬೇರೆ ಬೇರೆ ವರ್ಷ ಹೇಳುತ್ತಿದ್ದರು. ಕೊನೆಗೆ ಖಗೋಳ ಬಲ್ಲವರು ಪಟದಲ್ಲಿದ್ದ ಚಂದ್ರನ ಜಾಗ ಲೆಕ್ಕ ಹಾಕಿ 1941ರ ನವೆಂಬರ್ 1 ಅಂತ ಕಂಡುಹಿಡಿದರು. ನಮ್ಮ ಎಲ್ಲ ಪಟಗಳಲ್ಲಿ ಚಂದ್ರ ಇರುವುದಿಲ್ಲ. ನಾನು ತಾರೀಖಿನ ಜೊತೆ ಊರಿನ ಲೆಕ್ಕವನ್ನೂ ಬರೆಯುತ್ತೇನೆ: ‘ಆಟಿ ತಿಂಗಳು, ಮಳೆ ಬಿಟ್ಟ ಮಧ್ಯಾಹ್ನ’, ‘ಪತ್ತನಾಜೆ, ಗೆಜ್ಜೆ ಬಿಚ್ಚಿದ ಮೇಲೆ’. ಆಟಿ ಅಂದರೆ ತುಳುವರ ಮಳೆಗಾಲದ ತಿಂಗಳು, ಪತ್ತನಾಜೆ ಅಂದರೆ ಯಕ್ಷಗಾನ, ಕೋಲಗಳು ಆ ವರ್ಷಕ್ಕೆ ಮುಗಿಯುವ ದಿನ. ಆ ಎರಡು ಮಾತಿನಲ್ಲಿ ಬೆಳಕು ಎಂಥದ್ದಿತ್ತು, ಜನ ಯಾವ ಮನಸ್ಸಿನಲ್ಲಿದ್ದರು ಅಂತ ಇಲ್ಲಿಯವರಿಗೆ ಗೊತ್ತಾಗುತ್ತದೆ.

ಅಪರ್ಚರ್, ಐಎಸ್ಒ ಅಂತ ಕ್ಯಾಮೆರಾದ ಲೆಕ್ಕಗಳನ್ನು ನಾನು ಅಡಿಬರಹದಲ್ಲಿ ಹಾಕುವುದಿಲ್ಲ. ಕ್ಯಾಮೆರಾ ಅದನ್ನು ಫೈಲಿನೊಳಗೆ ತಾನೇ ಬರೆದುಕೊಂಡಿರುತ್ತದೆ. ‘ಬೊಕೆ’ ಅನ್ನುವ ಮಾತು ಗೆಳೆಯರ ನಡುವೆ ಬೇಕು, ಜಪಾನಿ ಭಾಷೆಯಿಂದ ಬಂದ ಚಂದದ ಮಾತು ಅದು. ಮಲ್ಪೆಯ ಅಕ್ಕನಿಗೆ ಹೇಳುವಾಗ ‘ಹಿಂದಿನದ್ದು ಮಸುಕು’ ಅಂದರೆ ಮುಗಿಯಿತು.

ಈಗ ನನ್ನ ಕ್ರಮ ಇಷ್ಟು. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ, ಪೆನ್ಸಿಲ್. ಮಳೆಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ. ಪಟ ತೆಗೆದ ಮೇಲೆ ಪರದೆ ತೋರಿಸಿ, “ಇದಕ್ಕೆ ನೀವು ಎಂತ ಹೇಳುತ್ತೀರಿ?” ಅಂತ ಕೇಳುತ್ತೇನೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ಆಮೇಲೆ ಓದಿ ಹೇಳುತ್ತೇನೆ. ಅವರು ತಲೆ ಆಡಿಸುವವರೆಗೆ ಅದು ಅಡಿಬರಹ ಅಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಫೈಲಿಗೇ ಸೇರಿಸುತ್ತೇನೆ. ಅಲ್ಲಿ ಒಂದು ತೊಂದರೆ ಇದೆ. ಪಟದ ಫೈಲಿನೊಳಗೆ ಮಾಹಿತಿ ಬರೆಯುವ ಹಳೆಯ ಐಪಿಟಿಸಿ ಕ್ರಮದಲ್ಲಿ ಶೀರ್ಷಿಕೆಗೆ 64 ಬೈಟ್ ಮಾತ್ರ ಜಾಗ. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ 3 ಬೈಟ್ ಬೇಕು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. ಹಾಗಾಗಿ 21 ಚಿಹ್ನೆಗೆ ಜಾಗ ಮುಗಿಯುತ್ತದೆ. ನನ್ನ ಎಷ್ಟೋ ಶೀರ್ಷಿಕೆಗಳು ಅರ್ಧಕ್ಕೆ ತುಂಡಾಗಿದ್ದವು. ಈಗ ಶೀರ್ಷಿಕೆ ಗಿಡ್ಡದಾಗಿ ಬರೆದು ಉಳಿದದ್ದನ್ನು ವಿವರಣೆಯ ಜಾಗದಲ್ಲಿ ಹಾಕುತ್ತೇನೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಮಾತಾಡಲು ಜನರಿಗೆ ಪುರುಸೊತ್ತು ಇರುವ ಕಾಲ. ಕಳೆದ ವಾರ ಟಾರ್ಪಾಲಿನ ಕೆಳಗೆ ಬಲೆ ರಿಪೇರಿ ಮಾಡುತ್ತಿದ್ದ ಒಬ್ಬ ಅಣ್ಣನ ಪಟ ತೆಗೆದೆ. ಕೈಯಲ್ಲಿ ದಾರ ಸುತ್ತಿದ ಒಂದು ಸಣ್ಣ ಸಾಧನ ಇತ್ತು. ಅದರ ಹೆಸರು ಹೇಳಿದರು, ಟಾರ್ಪಾಲಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ. ಪುಸ್ತಕದಲ್ಲಿ ಆ ಒಂದು ಶಬ್ದದ ಜಾಗ ಖಾಲಿ ಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಹೋಗಿ ಮತ್ತೊಮ್ಮೆ ಕೇಳಬೇಕು.