ಅಮೆರಿಕಕ್ಕೆ ಓದಲು ಹೊರಟವರು ವೀಸಾ ಸಿಕ್ಕ ಮೇಲೂ ನೆನಪಿಡಬೇಕಾದದ್ದು

ಎಂ.ಎಸ್. ಓದಲು ಹೊರಟ ಮಕ್ಕಳಿರುವ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮನೆಗಳಲ್ಲಿ ಎಲ್ಲರ ಚಿಂತೆಯೂ ವೀಸಾ ಸಂದರ್ಶನದ್ದೇ. ಆದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾ ನಿಮ್ಮನ್ನು ಅಲ್ಲಿನ ಇಮಿಗ್ರೇಷನ್ ಕೌಂಟರ್‌ವರೆಗೆ ಮಾತ್ರ ಒಯ್ಯುತ್ತದೆ. ಆಮೇಲೆ ಕಾಯ್ದುಕೊಳ್ಳಬೇಕಾದದ್ದು ಸ್ಟೇಟಸ್, ಅಂದರೆ ವಿದ್ಯಾರ್ಥಿಯಾಗಿ ಅಲ್ಲಿ ಕಾನೂನುಬದ್ಧವಾಗಿರುವ ಸ್ಥಾನಮಾನ. ಅದು ಕೈತಪ್ಪಿದರೆ ಪಾಸ್‌ಪೋರ್ಟ್‌ನಲ್ಲಿ ಐದು ವರ್ಷದ ವೀಸಾ ಇದ್ದೂ ಉಪಯೋಗವಿಲ್ಲ.

ಮೊದಲು ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆ ನೋಡಿ. ‘ಬಸವರಾಜ ಶಿವಪ್ಪ ಪಾಟೀಲ’ ಎಂಬುದು ಪೂರ್ತಿಯಾಗಿ ‘ಗಿವನ್ ನೇಮ್’ ಸಾಲಿನಲ್ಲಿದ್ದು ‘ಸರ್‌ನೇಮ್’ ಖಾಲಿ ಇದ್ದರೆ, ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಮುಂದೆ ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಎಲ್ಲ ಕಡೆ ಅದೇ ಬೆನ್ನು ಹತ್ತುತ್ತದೆ. ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ಮರುವಿತರಣೆಗೆ ಕೊಟ್ಟು ಸರಿಪಡಿಸಿಕೊಳ್ಳಿ. ವಿಶ್ವವಿದ್ಯಾಲಯ ಕೊಡುವ ಪ್ರವೇಶ ಪತ್ರವಾದ ಐ-20 ಬಂದ ಮೇಲೆ ತಿದ್ದಹೊರಟರೆ ಎಲ್ಲವನ್ನೂ ಮತ್ತೆ ತಿದ್ದಬೇಕಾಗುತ್ತದೆ.

ಇನ್ನು ದುಡ್ಡಿನ ದಾಖಲೆ. ಐ-20 ಕೊಡಲು ವಿಶ್ವವಿದ್ಯಾಲಯ ಮೊದಲ ವರ್ಷದ ಫೀಸು ಮತ್ತು ಖರ್ಚಿಗೆ ಕೈಗೆ ಸಿಗುವ ಹಣ ತೋರಿಸಿ ಎನ್ನುತ್ತದೆ. ಹತ್ತು ಎಕರೆ ನೀರಾವರಿ ಜಮೀನಿನ ಪಹಣಿ, ಮನೆ, ಬಂಗಾರ ಆ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಕ್ ಠೇವಣಿ ಮತ್ತು ಶಿಕ್ಷಣ ಸಾಲದ ಮಂಜೂರಾತಿ ಪತ್ರ ಬರುತ್ತವೆ. ಕಬ್ಬಿನ ಆದಾಯಕ್ಕೆ ಆದಾಯ ತೆರಿಗೆ ಇಲ್ಲವಾದ್ದರಿಂದ ಎಷ್ಟೋ ರೈತ ಕುಟುಂಬಗಳ ಹತ್ತಿರ ರಿಟರ್ನ್ಸ್ ಇರುವುದಿಲ್ಲ. ಅಂಥವರು ಸಕ್ಕರೆ ಕಾರ್ಖಾನೆಯ ಬಿಲ್ಲು, ಆ ಹಣ ಜಮೆಯಾದ ಪಾಸ್‌ಬುಕ್ ಪುಟ, ಪಹಣಿ ಮೂರನ್ನೂ ಒಟ್ಟಿಗೆ ಇಟ್ಟುಕೊಂಡರೆ ಹಣದ ಮೂಲ ಸಂದರ್ಶನದಲ್ಲಿ ಒಂದೇ ಮಾತಿನಲ್ಲಿ ಹೇಳಬಹುದು. ಸಂದರ್ಶನಕ್ಕೆ ಎಂಟು ದಿನ ಇರುವಾಗ ಸಂಬಂಧಿಕರಿಂದ ತಂದು ಹಾಕಿದ ದೊಡ್ಡ ಮೊತ್ತ ಮಾತ್ರ ಅನುಮಾನ ಹುಟ್ಟಿಸುತ್ತದೆ.

ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡುವ ಅಮೆರಿಕ ಸರ್ಕಾರದ ಕಂಪ್ಯೂಟರ್ ವ್ಯವಸ್ಥೆ) ಶುಲ್ಕ 350 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್. ಎರಡೂ ಬೇರೆ ಬೇರೆ, ಎರಡರ ರಸೀದಿಯೂ ಬೇಕು. ಆನ್‌ಲೈನ್ ವೀಸಾ ಅರ್ಜಿಯಾದ ಡಿಎಸ್-160 ಮತ್ತೆ ತುಂಬಿದರೆ ಬಾರ್‌ಕೋಡ್ ಸಂಖ್ಯೆ ಬದಲಾಗುತ್ತದೆ, ಅಪಾಯಿಂಟ್‌ಮೆಂಟ್ ಖಾತೆಯಲ್ಲೂ ಬದಲಿಸಿ. ಕಳೆದ 5 ವರ್ಷ ಬಳಸಿದ ಎಲ್ಲ ಸಾಮಾಜಿಕ ಜಾಲತಾಣ ಖಾತೆಗಳ ಹೆಸರು ಬರೆಯಬೇಕು. 2025ರ ಜೂನ್‌ನಿಂದ ಆ ಖಾತೆಗಳನ್ನು ಸಾರ್ವಜನಿಕವಾಗಿಡಲೂ ಹೇಳುತ್ತಿದ್ದಾರೆ.

ತರಗತಿ ಶುರುವಾಗುವುದಕ್ಕೆ 30 ದಿನಕ್ಕಿಂತ ಮುಂಚೆ ಎಫ್-1 ಮೇಲೆ ಅಮೆರಿಕ ಪ್ರವೇಶಿಸುವಂತಿಲ್ಲ. ಇಳಿದ ದಿನವೇ ದೇಶದೊಳಗೆ ಬಂದ ದಾಖಲೆಯಾದ ಐ-94 ಡೌನ್‌ಲೋಡ್ ಮಾಡಿ, ‘ಎಫ್-1’ ಎಂದು ಸರಿಯಾಗಿ ದಾಖಲಾಗಿದೆಯೇ ನೋಡಿ. ಅಲ್ಲಿರುವ ಅವಧಿ ಹೇಳುವುದು ಅದೇ ದಾಖಲೆ, ವೀಸಾ ಸ್ಟಿಕ್ಕರ್ ಅಲ್ಲ. ಮನೆ ಬದಲಿಸಿದರೆ 10 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು.

ನಮ್ಮ ಹುಡುಗರು ಹೆಚ್ಚು ಎಡವುವುದು ಮುಂದಿನ ಎರಡು ವಿಷಯದಲ್ಲಿ. ಒಂದು, ಕೋರ್ಸ್ ಬಿಡುವುದು. ಪದವಿ ವಿದ್ಯಾರ್ಥಿಗೆ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್. ಸ್ನಾತಕೋತ್ತರದಲ್ಲಿ ವಿಶ್ವವಿದ್ಯಾಲಯವೇ ನಿಗದಿ ಮಾಡುತ್ತದೆ, ಹೆಚ್ಚಿನ ಕಡೆ 9. ಇದರಲ್ಲಿ ಒಂದೇ ಆನ್‌ಲೈನ್ ಕೋರ್ಸ್ ಲೆಕ್ಕಕ್ಕೆ ಬರುತ್ತದೆ. ವಿಷಯ ಕಠಿಣವಾಯಿತೆಂದು ರಾತ್ರೋರಾತ್ರಿ ಪೋರ್ಟಲ್‌ನಲ್ಲಿ ‘ಡ್ರಾಪ್’ ಒತ್ತಿದರೆ, ಬೆಳಗ್ಗೆ ಸೆವಿಸ್ ಲೆಕ್ಕದಲ್ಲಿ ನೀವು ಪೂರ್ಣಾವಧಿ ವಿದ್ಯಾರ್ಥಿ ಅಲ್ಲ. ಕಾಯಿಲೆಯಾಗಿದ್ದರೂ, ಕೊನೆಯ ಸೆಮಿಸ್ಟರ್ ಆಗಿದ್ದರೂ ಮೊದಲು ವಿಶ್ವವಿದ್ಯಾಲಯದ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಅಧಿಕಾರಿ) ಅನುಮತಿ, ಆಮೇಲೆ ಡ್ರಾಪ್. ಈ ಕ್ರಮ ತಿರುಗಬಾರದು.

ಎರಡು, ಕೆಲಸ. ತರಗತಿಗಳಿರುವಾಗ ಕ್ಯಾಂಪಸ್‌ನೊಳಗೆ ವಾರಕ್ಕೆ 20 ಗಂಟೆ; ಲೈಬ್ರರಿ, ಕ್ಯಾಂಟೀನ್ ಎರಡೂ ಕಡೆ ದುಡಿದರೆ ಎರಡನ್ನೂ ಕೂಡಿಸಿ 20. ಪೆಟ್ರೋಲ್ ಬಂಕ್, ಮೋಟೆಲ್, ಗೆಳೆಯನ ಲಾಗಿನ್‌ನಲ್ಲಿ ಊಟದ ಡೆಲಿವರಿ, ಯಾವುದಕ್ಕೂ ಅನುಮತಿಯಿಲ್ಲ, ದುಡ್ಡು ನಗದಾಗಿ ಬಂದರೂ ಅಷ್ಟೇ. ಸಾಲದ ಕಂತಿನ ಒತ್ತಡ ಎಷ್ಟೆಂಬುದು ಗೊತ್ತು. ಆದರೂ ಈ ಒಂದು ತಪ್ಪು ಪದವಿಯನ್ನೇ ನುಂಗಬಹುದು, ಆದ್ದರಿಂದ ತಂದೆ ತಾಯಿಯೂ ಮಕ್ಕಳಿಗೆ ‘ಹೊರಗೆ ಏನಾದರೂ ಮಾಡು’ ಎನ್ನಬೇಡಿ. ಇಂಟರ್ನ್‌ಶಿಪ್‌ಗೆ ಸಿಪಿಟಿ (ಓದಿನ ಭಾಗವಾಗಿ ಮಾಡುವ ಕೆಲಸ) ಅನುಮತಿ ಐ-20ಯಲ್ಲಿ ಅಚ್ಚಾದ ಮೇಲೆಯೇ ಮೊದಲ ದಿನದ ಕೆಲಸ. ಪೂರ್ಣಾವಧಿ ಸಿಪಿಟಿ 12 ತಿಂಗಳು ತುಂಬಿದರೆ ಅದೇ ಹಂತದ ಪದವಿಯ ಓಪಿಟಿ, ಅಂದರೆ ಓದು ಮುಗಿಸಿ ಅದೇ ವಿಷಯದಲ್ಲಿ ಕೆಲಸ ಮಾಡುವ ಅವಕಾಶ, ಕೈತಪ್ಪುತ್ತದೆ.

ಓಪಿಟಿಗೆ ಕೋರ್ಸ್ ಮುಗಿಯುವ 90 ದಿನ ಮೊದಲಿನಿಂದ, ಮುಗಿದ 60 ದಿನದವರೆಗೆ ಅರ್ಜಿ ಹಾಕಬಹುದು. ಎಷ್ಟೋ ಜನ ಮರೆಯುವ ಇನ್ನೊಂದು ಗಡುವಿದೆ: ಡಿಎಸ್‌ಒ ಶಿಫಾರಸು ದಾಖಲಿಸಿದ 30 ದಿನದೊಳಗೆ ಅರ್ಜಿ ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ಕೈ ಸೇರಬೇಕು. ಓಪಿಟಿ ಶುರುವಾದ ಮೇಲೆ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಕೂರುವಂತಿಲ್ಲ. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪದವಿಯವರಿಗೆ ಇನ್ನೂ 24 ತಿಂಗಳ ವಿಸ್ತರಣೆ ಸಿಗಬಹುದು.

ಡಿಸೆಂಬರ್ ರಜೆಗೆ ಊರಿಗೆ ಬರುವ ಮುನ್ನ ಐ-20ಯಲ್ಲಿ ಡಿಎಸ್‌ಒ ಹಾಕುವ ಪ್ರಯಾಣದ ಸಹಿ ನೋಡಿಕೊಳ್ಳಿ. ಅದು ಒಂದು ವರ್ಷ ನಡೆಯುತ್ತದೆ, ಓಪಿಟಿಯಲ್ಲಿ ಆರು ತಿಂಗಳು. ಒಂದು ಡಾಲರ್ ದುಡಿಯದಿದ್ದರೂ ಅಮೆರಿಕದ ತೆರಿಗೆ ಇಲಾಖೆಗೆ ಪ್ರತಿ ವರ್ಷ ಫಾರ್ಮ್ 8843 ಕಳಿಸಬೇಕು.

ಸಂಶೋಧನೆಗೆ ಹೋಗುವ ಅಧ್ಯಾಪಕರು, ರೆಸಿಡೆನ್ಸಿಗೆ (ಆಸ್ಪತ್ರೆಯ ತಜ್ಞತರಬೇತಿಗೆ) ಹೋಗುವ ವೈದ್ಯರು ಹೆಚ್ಚಾಗಿ ಜೆ-1 ಎಂಬ ವಿನಿಮಯ ವೀಸಾದವರು. ಐ-20ಯ ಬದಲು ಇವರ ದಾಖಲೆ ಡಿಎಸ್-2019, ಸೆವಿಸ್ ಶುಲ್ಕ 220 ಡಾಲರ್, ಆರೋಗ್ಯ ವಿಮೆ ಕಡ್ಡಾಯ. 2024ರ ಡಿಸೆಂಬರ್‌ನಲ್ಲಿ ಭಾರತವನ್ನು ‘ಕೌಶಲ ಪಟ್ಟಿ’ಯಿಂದ (ಯಾವ ದೇಶಕ್ಕೆ ಯಾವ ಪರಿಣತಿಯವರು ಮರಳಿ ಬೇಕು ಎಂಬ ಅಮೆರಿಕದ ಪಟ್ಟಿ) ಕೈಬಿಟ್ಟ ಕಾರಣ ಹಲವರಿಗೆ ಜೆ-1 ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರುವ ಷರತ್ತು ಹೋಗಿದೆ. ಸರ್ಕಾರಿ ಹಣದಲ್ಲಿ ಹೋದವರಿಗೂ ರೆಸಿಡೆನ್ಸಿ ವೈದ್ಯರಿಗೂ ಹೋಗಿಲ್ಲ. ಹುಬ್ಬಳ್ಳಿ ರಸ್ತೆಯ ಏಜೆಂಟನ ಮಾತು ಕೇಳಿ ನಿರ್ಧರಿಸಬೇಡಿ, ನಿಮ್ಮ ಡಿಎಸ್-2019 ಕೊಟ್ಟ ಸಂಸ್ಥೆಗೆ ಇಮೇಲ್ ಮಾಡಿ ಉತ್ತರವನ್ನು ಬರಹದಲ್ಲೇ ಪಡೆದಿಟ್ಟುಕೊಳ್ಳಿ.