ನಮ್ಮ ಕಡೆಗೂ ರೈಲು ಬೇಕಾ? ಅರ್ಜಿ ಹೀಗೆ ಹಾಕಿ
ಕೊಡಗಿನಲ್ಲಿ ಇನ್ನೂ ರೈಲು ಹಳಿಯೇ ಇಲ್ಲ. ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರಕ್ಕೆ ಮೈಸೂರಿನಿಂದ ರೈಲು ಬರಬೇಕು ಅಂತ ವರ್ಷಗಟ್ಟಲೆ ಕೇಳುತ್ತಿದ್ದೇವೆ.

ಸುಮ್ನೆ ‘ರೈಲು ಬೇಕು’ ಅಂತ ಬರೆದರೆ ಸಾಲದು. ಯಾರು, ಎಲ್ಲಿಂದ, ಎಷ್ಟು ಹೊತ್ತಿಗೆ ಹೋಗುತ್ತಾರೆ ಅಂತ ಪಟ್ಟಿ ಮಾಡಿ: ಮೈಸೂರಿನ ಕಾಲೇಜಿಗೆ ಹೋಗುವ ಮಕ್ಕಳು, ಆಸ್ಪತ್ರೆಗೆ ಹೋಗುವವರು, ಕಾಫಿ, ಕರಿಮೆಣಸಿನ ಮೂಟೆ ಸಾಗಿಸುವವರು. ಪಂಚಾಯಿತಿಯಲ್ಲಿ ನಿರ್ಣಯ ಮಾಡಿಸಿ, ಮೈಸೂರಿನ ಡಿಆರ್‌ಎಂ (ರೈಲ್ವೆ ವಿಭಾಗೀಯ ವ್ಯವಸ್ಥಾಪಕರ) ಕಚೇರಿಗೂ ಸಂಸದರಿಗೂ ಕೊಟ್ಟು, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ, ಮುಂದೆ ವಿಚಾರಿಸುವಾಗ ಅದೇ ಆಧಾರ.

ಮುಚ್ಚಿದ ಹಳ್ಳಿ ಸ್ಟೇಷನ್ ತೆರೆಸಬೇಕು ಅನ್ನುವ ಊರಿನವರು ಹಾಲ್ಟ್ ಏಜೆಂಟ್ (ಸಣ್ಣ ನಿಲ್ದಾಣದಲ್ಲಿ ಟಿಕೆಟ್ ಮಾರುವವರು) ನೇಮಿಸಿ ಅಂತ ಕೇಳಿ. ಕಮಿಷನ್ ಮೇಲೆ ಸ್ಥಳೀಯರೇ ಟಿಕೆಟ್ ಮಾರುತ್ತಾರೆ, ಸಿಬ್ಬಂದಿ ಖರ್ಚು ಉಳಿಯುತ್ತದೆ. ತೆರೆದ ಮೇಲೆ ಟಿಕೆಟ್ ತಗೊಂಡೇ ಹತ್ತಿ. ರೈಲ್ವೆಯವರು ನೋಡುವುದು ಟಿಕೆಟ್ ಲೆಕ್ಕವನ್ನೇ ಅಲ್ವಾ?